ಶತ್ರುಗಳ ಕಂಬಕ್ಕೊಂದು ಸೆಲ್ಯೂಟ್

ಶ್ರೀರಂಗಪಟ್ಟಣದಲ್ಲಿ ಆಟೋ ಓಡಿಸುತ್ತಾ ಪ್ರವಾಸಿಗಳಿಗೆ ಕೋಟೆ ತೋರಿಸುವುದು ನನ್ನ ಕೆಲಸ. ಒಮ್ಮೆ ಹೊಸಹೊಳಲು ಕಡೆಯ ನಿವೃತ್ತ ಹವಾಲ್ದಾರರೊಬ್ಬರು ಹತ್ತಿದರು. ನದಿ ದಂಡೆಯ ಸ್ಮಾರಕದ ಕಂಬ ಬಂದಾಗ ನಾನು ಆಟೋ ನಿಲ್ಲಿಸದೆ, "ಕೋಟೆ ಒಡೆಯುವಾಗ ಸತ್ತ ಇಂಗ್ಲಿಷರದ್ದು ಕಣಣ್ಣ, ನೋಡಕ್ಕೇನಿಲ್ಲ" ಅಂದೆ.

"ನಿಲ್ಸು" ಅಂದರು.

ಇಳಿದವರೇ ಕಾಲರಿನ ಗುಂಡಿ ಹಾಕಿಕೊಂಡು, ಕಂಬದ ಮುಂದೆ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ನನಗೆ ಮುಜುಗರವಾಗಿ, "ಅಣ್ಣ, ಅವ್ರು ನಮ್ಮ ಶತ್ರುಗಳು" ಅಂತ ಪಿಸುಗುಟ್ಟಿದೆ.

"ಗೊತ್ತು ಕಣಪ್ಪ" ಅಂತ ಟವಲಲ್ಲಿ ಕಣ್ಣೊರೆಸಿಕೊಂಡರು. "ಗಡೀಲಿ ನಾನು ಗುಂಡು ಒಡೆದಿದ್ನಲ್ಲ, ಆ ಐಕ್ಳಿಗೂ ಅವರ ದೇಶದಲ್ಲಿ ಇಂಥದ್ದೊಂದು ಕಂಬ ನೆಟ್ಟಿರ್ತಾರೆ. ಅಲ್ಲಿಗೆ ಓಗಿ ಕೈ ಮುಗಿತೀನಿ ಅಂದ್ರೆ ನಂಗ್ಯಾರು ವೀಸಾ ಕೊಟ್ಟಾರು? ಅದ್ಕೇ ಇಲ್ಲೇ ಮಾಡ್ಬುಟ್ಟೆ."

ಅಷ್ಟರಲ್ಲಿ ಹಿಂದಿನಿಂದ ಚಪ್ಪಾಳೆ ಕೇಳಿಸಿತು. ಪ್ರವಾಸಕ್ಕೆ ಬಂದ ಕುಟುಂಬವೊಂದು ಸೆಲ್ಯೂಟನ್ನು ವಿಡಿಯೋ ಮಾಡಿಕೊಂಡಿತ್ತು. "ಭಾರತ್ ಮಾತಾ ಕೀ ಜೈ" ಅಂತ ಕೂಗಿ, ಹವಾಲ್ದಾರರನ್ನು ನಡುವೆ ನಿಲ್ಲಿಸಿಕೊಂಡು ಫೋಟೋನೂ ತೆಗೆಸಿಕೊಂಡರು. ಆ ಸೆಲ್ಯೂಟ್ ಯಾರಿಗೆ ಅಂತ ಒಬ್ಬರೂ ಕೇಳಲಿಲ್ಲ. ಕೇಳದಿದ್ದರೂ ಹೇಳುವುದೇ ನನ್ನ ಕಸುಬು. ಅವತ್ತು ಮಾತ್ರ ಬಾಯಿ ಬಿಡಲಿಲ್ಲ.