ಸ್ವಭಾವ ಕೇಳಿದಾಕೆ

ಗುರುಗ್ರಾಮದ ಕ್ಲಿನಿಕ್ಕಿನಲ್ಲಿ, ಖಿನ್ನತೆಯಿಂದ ಮಾತು ಬಿಟ್ಟಿದ್ದ ನಮ್ಮವರ ತಲೆಗೆ ಯಂತ್ರದಿಂದ ಅಯಸ್ಕಾಂತದ ಮಿಡಿತ ಕೊಡುತ್ತಿದ್ದವರು ಕೊಡಗಿನ ಒಬ್ಬಾಕೆ. ಮುಟ್ಟುವ ಮೊದಲು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವರು. ಮಾತು ಮಾತಿಗೂ "ಅವಸರ ಇಲ್ಲ" ಎನ್ನುವರು.

ಮೊದಲ ದಿನ ಸ್ವಭಾವದ ಬಗ್ಗೆ ಕೇಳತೊಡಗಿದರು. "ಅಂಕಲ್, ಬೇಗ ಗಾಬರಿ ಆಗ್ತೀರಾ?"

"ಇಲ್ಲಮ್ಮ, ಭಾರೀ ಧೈರ್ಯ," ಎಂದು ನಾನೇ ಹೇಳಿಬಿಟ್ಟೆ. ಹೆದರುವವರೆಂದರೆ ಚಿಕಿತ್ಸೆಯೇ ಬೇಡವೆಂದು ಕಳಿಸಿಯಾರೆಂಬ ಭಯ ನನಗೆ.

"ಆಂಟಿ, ಇದು ಎಲ್ಲರಿಗೂ ಒಂದೇ ಥರ ನಾಟಲ್ಲ, ಸ್ವಭಾವಾನೂ ನೋಡ್ಬೇಕು. ನಿಮ್ಮ ಸರ್ಟಿಫಿಕೇಟ್ ಬೇಡ, ಅವರೇ ಹೇಳಲಿ. ಅವಸರ ಇಲ್ಲ."

ಕಾದೆವು. ರಾಯರನ್ನು ನೆನೆದೆ.

"ಲಿಫ್ಟ್ ಹತ್ತೋಕೂ ಹೆದರ್ತೀನಿ," ಎಂದರು ನಮ್ಮವರು, ನನ್ನ ಮುಖ ನೋಡದೆ.

ಆಕೆ ಬರೆದುಕೊಂಡು, ಡಾಕ್ಟರನ್ನು ಕೇಳಿ, ಮಿಡಿತದ ಜೋರು ತಗ್ಗಿಸಿದರು. ಯಂತ್ರ ಟಕಟಕ ಎಂದಾಗ ನಮ್ಮವರ ಕೈ ಹಿಡಿದುಕೊಂಡೆ. ಆಕೆ ನನ್ನ ಮಾತು ನಂಬಲಿಲ್ಲ. ಅಷ್ಟು ದಯೆ ದೇವರದು.