ಸತ್ತ ಕಾಟಿಯ ಬೀಜ ಹೊತ್ತು ತಂದ ದಿನ

ಜೀಪು ಕನಕಪುರ ದಾಟುವ ಮೊದಲೇ ಕೆಟ್ಟು ನಿಲ್ಲಬಹುದಿತ್ತು. ನಿಲ್ಲದಿದ್ದರೂ, ನಾವು ತಲುಪುವಷ್ಟರಲ್ಲಿ ಕಾಡುನಾಯಿಗಳು ನಮಗೆ ಬೇಕಾದ ಭಾಗವನ್ನೇ ಮೊದಲು ತಿಂದು ಮುಗಿಸಿರಬಹುದಿತ್ತು. ಅವು ಮೆತ್ತಗಿರುವ ಕಡೆಯಿಂದಲೇ ಬಾಯಿ ಹಾಕುತ್ತವೆ. ಕಾಳಗದಲ್ಲಿ ಗೆದ್ದ ಇನ್ನೊಂದು ಕಾಟಿ ಪೊದೆಯ ಹಿಂದೆಯೇ ನಿಂತು ಮುಂದಿನ ಎದುರಾಳಿಗೆ ಕಾಯುತ್ತಿರಬಹುದಿತ್ತು. ಚಾಕು ಜಾರಿ ನನ್ನ ಬೆರಳೇ ಹೋಗಬಹುದಿತ್ತು. ಐಸ್ ನೇರವಾಗಿ ತಗುಲಿದರೆ ಬೀಜ ಹಾಳು, ಐಸ್ ಕರಗಿದರೂ ಹಾಳು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಬಿಡುವ ಹೊತ್ತಿಗೆ ಸರಿಯಾಗಿ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಳ್ಳಬಹುದಿತ್ತು. ಪ್ರಯೋಗಾಲಯದಲ್ಲಿ ಕರೆಂಟ್ ಹೋಗಿರಬಹುದಿತ್ತು, ಜನರೇಟರಿಗೆ ಡೀಸೆಲ್ ಇಲ್ಲದಿರಬಹುದಿತ್ತು. ದ್ರವ ಸಾರಜನಕ ನನ್ನ ಪಾದದ ಮೇಲೇ ಚೆಲ್ಲಬಹುದಿತ್ತು. ಇದ್ಯಾವುದೂ ಆಗುವ ಮೊದಲೇ ನನ್ನ ಬಿಪಿ ಏರಿ, ಕಾಟಿಯ ಪಕ್ಕದಲ್ಲಿ ನನ್ನನ್ನೂ ಮಲಗಿಸಿ, ಇಬ್ಬರಿಗೂ ಒಂದೇ ಪಂಚನಾಮೆ ಬರೆದು ಮುಗಿಸಬಹುದಿತ್ತು.

ಬೆಳಗ್ಗೆ ಆರೂವರೆಗೆ ಫೋನ್ ಬಂದ ಮೇಲೆ, ಹಲ್ಲುಜ್ಜುತ್ತಲೇ ಇಷ್ಟನ್ನೂ ಯೋಚಿಸಿ ಮುಗಿಸಿದ್ದೆ. ಚಿಂತೆ ಮಾಡುವುದರಲ್ಲಿ ನಾನು ಸೋಮಾರಿಯಲ್ಲ.

ನಾನು ಪಶುವೈದ್ಯ. ಹಾರೋಹಳ್ಳಿಯಿಂದ ಮರಳವಾಡಿ ಕಡೆಗೆ ಹೋಗುವ ದಾರಿಯಲ್ಲಿರುವ ಒಂದು ಸಣ್ಣ ಪ್ರಯೋಗಾಲಯದಲ್ಲಿ ಕೆಲಸ. ಮಾಗಡಿ, ರಾಮನಗರದ ಕಡೆಯ ಹಳ್ಳಿಕಾರ್ ಹೋರಿಗಳ ವೀರ್ಯವನ್ನು ಕಡ್ಡಿಯಷ್ಟು ತೆಳ್ಳಗಿನ ನಳಿಕೆಗಳಲ್ಲಿ ತುಂಬಿ, ದ್ರವ ಸಾರಜನಕದ ಡಬ್ಬಿಯಲ್ಲಿ ಹೆಪ್ಪುಗಟ್ಟಿಸಿ ಇಡುವುದು ನನ್ನ ಕಸುಬು. ಮದುವೆ ಮನೆಗಳಲ್ಲಿ ನನ್ನ ಷಡ್ಡಕ ಇದನ್ನು ಎಲ್ಲರಿಗೂ ಬಿಡಿಸಿ ಹೇಳುತ್ತಾನೆ. ನಾನು ಪಾಯಸದ ಲೋಟ ನೋಡುತ್ತಾ ಕೂತಿರುತ್ತೇನೆ.

ಫೋನ್ ಮಾಡಿದ್ದು ಉಯ್ಯಂಬಳ್ಳಿಯಾಚೆ ಕಾಡಂಚನ್ನು ಕಾಯುವ ವಾಚರ್.

"ಸಾರ್, ದೊಡ್ ಕಾಟಿ ಬಿದ್ಬುಟ್ಟೈತೆ. ಎರಡು ಗುದ್ದಾಡ್ಕಂಡವೆ. ಕೋಳಿ ಕೂಗೋ ಹೊತ್ನಲ್ಲಿ ಜೀವ ಹೋಗಿರ್ಬೇಕು, ಮೈ ಇನ್ನೂ ಬೆಚ್ಚಗೈತೆ. ಸುಡಾಕೆ ಸೌದೆ ಹೇಳವ್ರೆ. ಜಲ್ದಿ ಬನ್ನಿ."

ಕಾಟಿ ಎಂದರೆ ಕಾಡುಕೋಣ. ಕೋಣ ಅಂತಲೂ ಎಮ್ಮೆ ಅಂತಲೂ ಕರೆದು ನಾವು ಅದಕ್ಕೆ ಅನ್ಯಾಯ ಮಾಡಿದ್ದೇವೆ. ಅದು ನಮ್ಮ ಹಸುವಿನ ನಂಟು. ಕಾಡು ತುಂಡು ತುಂಡಾಗಿ, ಒಂದು ಹಿಂಡಿನ ಹೋರಿ ಇನ್ನೊಂದು ಹಿಂಡಿನ ಹಸುವನ್ನು ಕಾಣುವಂತಿಲ್ಲ. ನಾವು ಮೇಯಲು ಅಟ್ಟಿದ ದನಗಳು ಕಾಲುಬಾಯಿ ಜ್ವರವನ್ನು ದಾನ ಮಾಡಿ ಬರುತ್ತವೆ. ಇಂಥ ಹೋರಿಯೊಂದು ಸತ್ತರೆ ಅದರ ವೃಷಣಕ್ಕೆ ಅಂಟಿದ ಸುರುಳಿ ನಾಳದಲ್ಲಿ ಸುಮಾರು ಒಂದು ದಿನ ವೀರ್ಯಾಣುಗಳು ಬದುಕಿರುತ್ತವೆ. ಅಷ್ಟರೊಳಗೆ ತೆಗೆದು ತಂಪಿನಲ್ಲಿಟ್ಟರೆ ಆ ವಂಶ ಉಳಿಸಿದಂತೆ. ಇಲ್ಲವಾದರೆ ಬೂದಿ.

ಇಷ್ಟು ಸರಳ ವಿಷಯವನ್ನು ಮೇಲಿನವರಿಗೆ ಅರ್ಥ ಮಾಡಿಸಲು ನನಗೆ ಎರಡು ಬೇಸಿಗೆ ಹಿಡಿಯಿತು. ನನ್ನ ಅರ್ಜಿ ಹೋದ ಕಡೆಯೆಲ್ಲ ಮೊದಲು ನಗು ಬರುತ್ತಿತ್ತು, ಆಮೇಲೆ ಆಕ್ಷೇಪಣೆ. "ಸತ್ತ ಮೇಲೂ ಅದಕ್ಕೆ ಆ ಯೋಚನೆ ಯಾಕ್ರೀ?" ಎಂದು ಒಬ್ಬರು ಮೇಜು ಕುಟ್ಟಿ ನಕ್ಕರು. ಹುಲಿ ಕೆಮ್ಮಿದರೆ ಸಭೆ ಕರೆಯುವವರು ಇವರು. ಕೊನೆಗೆ ಒಂದು ಪತ್ರ ಬಂತು: ಸತ್ತ ಕಾಟಿಯಿಂದ ಮಾದರಿ ಸಂಗ್ರಹಿಸಬಹುದು. ಅದಕ್ಕೆ ಪ್ಲಾಸ್ಟಿಕ್ ಹೊದಿಸಿ, ಮೂರು ಜೆರಾಕ್ಸ್ ಮಾಡಿಸಿ, ಒಂದನ್ನು ಜೀಪಿನಲ್ಲೂ ಒಂದನ್ನು ಬ್ಯಾಗಿನಲ್ಲೂ ಒಂದನ್ನು ಅಂಗಿ ಜೇಬಿನಲ್ಲೂ ಇಟ್ಟುಕೊಂಡಿದ್ದೆ.

ಒಂಬತ್ತಕ್ಕೆ ತಲುಪಿದಾಗ ಕಾಟಿ ಹಳ್ಳದ ಪಕ್ಕ ಒಂದು ಮಗ್ಗುಲಾಗಿ ಬಿದ್ದಿತ್ತು. ಕಪ್ಪು ಮೈ, ನಾಲ್ಕು ಕಾಲಿಗೂ ಬಿಳಿ ಕಾಲುಚೀಲ. ನಾನು ಅಂದುಕೊಳ್ಳದೇ ಇದ್ದದ್ದು ಒಂದಿತ್ತು: ಅದರ ಹಣೆಗೆ ವಿಭೂತಿ ಬಳಿದು, ಕೊಂಬಿಗೆ ಕಣಗಿಲೆ ಹೂವಿನ ಹಾರ ಹಾಕಿದ್ದರು. ಹತ್ತು ಹನ್ನೆರಡು ಜನ ಸುತ್ತ ನಿಂತಿದ್ದರು. ತಲೆಯ ಹತ್ತಿರ ಎಪ್ಪತ್ತರ ಮೇಲಿನ ಅಜ್ಜಿಯೊಬ್ಬರು ಕೂತಿದ್ದರು. ನನ್ನ ಕೈಯಲ್ಲಿದ್ದ ಪೆಟ್ಟಿಗೆ ಅವರ ಕಣ್ಣಿಗೆ ಬಿತ್ತು.

"ಏನ್ ಡಾಕ್ಟ್ರೇ, ಸತ್ತೋದ ಬಸಪ್ಪನ್ನೂ ಬುಡಾಕಿಲ್ವಾ ನೀವು?"

"ಅಜ್ಜಿ, ಇದು ಬಸಪ್ಪ ಅಲ್ಲ, ಕಾಟಿ."

"ಊರಲ್ಲಿದ್ರೆ ಬಸಪ್ಪ, ಕಾಡಲ್ಲಿದ್ರೆ ಕಾಟಿ. ಅಣ್ಣತಮ್ಮದೀರು ಕಣಪ್ಪ. ಅಷ್ಟೂ ತಿಳೀದೆ ಏನ್ ಓದ್ದೆ ನೀನು?"

ಕಾಲೇಜಿನಲ್ಲಿ ಇಡೀ ಒಂದು ವರ್ಷ ಹೇಳಿಕೊಟ್ಟದ್ದನ್ನು ಅವರು ಒಂದು ಮಾತಿನಲ್ಲಿ ಮುಗಿಸಿದ್ದರು.

"ಏನ್ ಕುಯ್ತೀಯಾ?" ಎಂದರು.

"ಅದೇ... ಹಿಂದುಗಡೆದು" ಎಂದೆ. ನನ್ನ ಕಿವಿ ಬಿಸಿಯಾಯಿತು.

"ಬೀಜ ಅಂತ ಬಾಯ್ಬುಟ್ಟು ಹೇಳಾಕೆ ನಾಚ್ಕೆನಾ? ಹೋರಿ ಕಟ್ಟಿದ್ ಮನೆಯೋಳು ಕಣಪ್ಪ ನಾನು. ತಕೊಂಡೋಗಿ ಏನ್ ಮಾಡ್ತೀಯಾ?"

ಹೇಳಿದೆ. ತಂಪಿನಲ್ಲಿ ಇಡುತ್ತೇವೆ, ಮುಂದೊಂದು ಕಾಲಕ್ಕೆ ಕಾಟಿಗಳು ಕಮ್ಮಿಯಾದರೆ ಇದರಿಂದ ಕರು ಹುಟ್ಟಿಸಬಹುದು ಎಂದೆ.

"ಅಂದ್ರೆ ಇವುನ್ ವಂಸ ಉಳೀತದೆ?"

"ಉಳೀಬಹುದು."

"ಬೋದು ಗೀದು ಅಂತೀಯಲ್ಲ, ಗಟ್ಟಿಯಾಗಿ ಹೇಳ್ಬಾರ್ದಾ?" ಅಜ್ಜಿ ಎದ್ದು ಸೆರಗು ಕೊಡವಿದರು. "ಕುಯ್ಕೊ. ಆದ್ರೆ ಊನ ಮಾಡಿ ಕಳ್ಸಬ್ಯಾಡ. ತಿರ್ಗಾ ಹೊಲ್ದು ಬುಡು."

ಎರಡು ಬೇಸಿಗೆ ಹಿಡಿದ ಅನುಮತಿ ಇಲ್ಲಿ ಎರಡು ನಿಮಿಷಕ್ಕೆ ಸಿಕ್ಕಿತ್ತು. ಆಗಲೇ ಜೇಬಿನ ಫೋನ್ ಅದುರಿತು. ಮೇಲಧಿಕಾರಿ; ಹೊರಡುವಾಗಲೇ ಅವರಿಗೆ ವಿಷಯ ತಿಳಿಸಿದ್ದೆ.

"ಪತ್ರ ನೋಡ್ತಾ ಇದೀನಿ ಕಣ್ರೀ. ಮಾದರಿ ಅಂತ ಇದೆ. ಮಾದರಿ ಅಂದ್ರೆ ಒಂದು. ನೀವು ಎರಡೂ ತೆಗೆದುಬಿಡಬೇಡಿ."

"ಸಾರ್, ಎರಡರಲ್ಲೂ ಇರೋದು ಅದೇ. ಒಂದನ್ನ ಬಿಟ್ರೆ ಸುಟ್ಟು ಹೋಗತ್ತೆ ಅಷ್ಟೇ."

"ಸುಡಲಿ. ಆಡಿಟ್‌ಗೆ ಉತ್ತರ ಕೊಡೋರು ಯಾರು?"

ಮೂವತ್ತು ವರ್ಷದ ನೌಕರಿಯಲ್ಲಿ ನಾನು ಮೇಲಿನವರ ಮಾತು ಮೀರಿದವನಲ್ಲ. ಅವತ್ತು ನನ್ನ ಕಾಲ ಬುಡದಲ್ಲಿ ಆ ಪ್ರಾಣಿ ಬಿದ್ದಿತ್ತು. ಬಿಸಿಲು ಏರುತ್ತಿತ್ತು. "ಹಲೋ, ಹಲೋ, ಸಿಗ್ನಲ್ ಇಲ್ಲ ಸಾರ್" ಎಂದು ಕಟ್ ಮಾಡಿದೆ.

"ಫುಲ್ ಐತಲ್ಲ ಸಾರ್, ನಾಲ್ಕ್ ಕಡ್ಡಿ ತೋರುಸ್ತಾ ಐತೆ" ಎಂದ ವಾಚರ್.

"ನೀನು ಕಾಲು ಹಿಡ್ಕೊ ಮಾರಾಯ."

ಎರಡನ್ನೂ ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಐಸಿನ ಮೇಲೆ ಟವೆಲ್ ಹಾಸಿ ಪೆಟ್ಟಿಗೆಯಲ್ಲಿಟ್ಟೆ. ಹೊಲಿಯಲು ಸೂಜಿ ತೆಗೆದರೆ ಅಜ್ಜಿ ತಡೆದರು. ಯಾರನ್ನೋ ಮನೆಗೆ ಓಡಿಸಿ ಎರಡು ಅಚ್ಚು ಬೆಲ್ಲ ತರಿಸಿದ್ದರು.

"ಬರಿದು ಮಾಡಿ ಕಳ್ಸಬಾರ್ದು. ಇದುನ್ನ ಇಟ್ಟು ಹೊಲಿ."

ನಾನು ವಾಚರನ ಮುಖ ನೋಡಿದೆ. ಅವನು ಆಕಾಶ ನೋಡಿದ. ಕಾನೂನಿನಲ್ಲಿ ಬೆಲ್ಲದ ಬಗ್ಗೆ ಏನೂ ಇರಲಿಲ್ಲ. ಇಟ್ಟು ಹೊಲಿದೆ. ನನ್ನ ಜೀವಮಾನದಲ್ಲಿ ಅಷ್ಟು ನೀಟಾಗಿ ಹೊಲಿಗೆ ಹಾಕಿರಲಿಲ್ಲ.

ಆಮೇಲೆ ನಡೆದದ್ದು ನನ್ನಂಥವನಿಗೆ ನಂಬಲು ಕಷ್ಟ. ಜೀಪು ಕೆಡಲಿಲ್ಲ. ಹಾರೋಹಳ್ಳಿಯಲ್ಲಿ ಲಾರಿಗಳು ದಾರಿ ಬಿಟ್ಟವು. ಕರೆಂಟ್ ಇತ್ತು. ಸುರುಳಿ ನಾಳವನ್ನು ಸೀಳಿ, ಮೊಟ್ಟೆಯ ಹಳದಿ ಬೆರೆಸಿದ ದ್ರಾವಣದಲ್ಲಿ ತೊಳೆದು, ಒಂದು ಹನಿಯನ್ನು ಬೆಚ್ಚಗಿನ ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಮೊದಲು ಏನೂ ಕಾಣಲಿಲ್ಲ, ಕನ್ನಡಕ ಹಣೆಯ ಮೇಲಿತ್ತು. ಹಾಕಿಕೊಂಡು ನೋಡಿದರೆ ಓಡುತ್ತಿದ್ದವು. ಬೆಳಗ್ಗೆ ಸತ್ತವನ ಜೀವ ಗಾಜಿನ ಮೇಲೆ ಗುಂಪುಗುಂಪಾಗಿ ಓಡುತ್ತಿತ್ತು. ಸಂಜೆಯೊಳಗೆ ಅರವತ್ತೆರಡು ನಳಿಕೆ ಹೆಪ್ಪುಗಟ್ಟಿದವು. ಒಂದನ್ನು ಉಗುರುಬೆಚ್ಚಗಿನ ನೀರಲ್ಲಿ ಕರಗಿಸಿ ನೋಡಿದೆ, ಅದರೊಳಗಿನವೂ ಬದುಕಿದ್ದವು.

ಇನ್ನು ಉಳಿದದ್ದು ಅರವತ್ತೊಂದು ನಳಿಕೆಗಳನ್ನು ಸಾರಜನಕದ ಕಾಯಂ ತೊಟ್ಟಿಗೆ ಸೇರಿಸುವುದು. ಅದಕ್ಕೆ ಕಂಪ್ಯೂಟರಿನಲ್ಲಿ ಒಂದು ನಮೂನೆ ತುಂಬಬೇಕು. ಹೈನು ದನದ ಹೋರಿಗಳಿಗೆಂದು ಮಾಡಿದ ನಮೂನೆ. ನಮ್ಮಲ್ಲಿ ಇರುವುದು ಅದೊಂದೇ. ತಳಿ ಎಂಬಲ್ಲಿ 'ಇತರೆ' ಎಂದೆ. ಊರು ಉಯ್ಯಂಬಳ್ಳಿ ಎಂದೆ. ಆಮೇಲೆ ಬಂತು, ತಾಯಿಯ ಹಾಲಿನ ಇಳುವರಿ, ದಿನಕ್ಕೆ ಎಷ್ಟು ಲೀಟರ್. ಖಾಲಿ ಬಿಟ್ಟರೆ ಮುಂದಕ್ಕೆ ಹೋಗುವುದಿಲ್ಲ. ಆ ತಾಯಿಯನ್ನು ಕಂಡವರಿಲ್ಲ, ಕಂಡಿದ್ದರೂ ಚೊಂಬು ಹಿಡಿದು ಅದರ ಕೆಳಗೆ ಕೂರುವ ಗಂಡಸು ಈ ನಾಲ್ಕು ತಾಲ್ಲೂಕಿನಲ್ಲಿ ಹುಟ್ಟಿಲ್ಲ. ಸುಳ್ಳು ಬರೆದರೆ ನಾಳೆ ಏನಾಗುತ್ತದೋ ಎಂದು ಹೆದರಿ, ಯಾರೂ ಕರೆಯದ ಹಾಲಿಗೆ ಸೊನ್ನೆ ಎಂದು ಒತ್ತಿದೆ.

ನಾಲ್ಕನೇ ದಿನ ಉತ್ತರ ಬಂತು. ತಾಯಿಯ ಇಳುವರಿ ನಿಗದಿತ ಮಟ್ಟಕ್ಕಿಂತ ಕಡಿಮೆ ಇರುವ ಕಾರಣ ಈ ಹೋರಿ ತಿರಸ್ಕೃತ. ನಳಿಕೆಗಳನ್ನು ವಿಲೇವಾರಿ ಮಾಡಿ ವರದಿ ಕಳಿಸುವುದು.

ಮೇಲಧಿಕಾರಿಗೆ ಫೋನ್ ಮಾಡಿ ಕೂಗಾಡಿದೆ. ಕಾಡುಪ್ರಾಣಿಯ ಹಾಲು ಕರೆದು ಯಾರ ಮನೆಗೆ ದಿನಾ ಬೆಳಗ್ಗೆ ವರ್ತನೆ ಹಾಕಬೇಕಿತ್ತು ಸಾರ್ ಎಂದೆ. ಅವರು ಶಾಂತವಾಗಿಯೇ ಇದ್ದರು.

"ಒಂದು ಹತ್ತು ಲೀಟರ್ ಅಂತ ಹಾಕಿಬಿಡೋಕೆ ಏನಾಗಿತ್ತು ರೀ ನಿಮಗೆ? ಎಲ್ಲರೂ ಹಾಕ್ತಾರೆ. ಈಗ ತಿದ್ದೋಕೆ ಬರಲ್ಲ."

ನಾನು ವಿಲೇವಾರಿ ಮಾಡಿಲ್ಲ. ಅರವತ್ತೊಂದೂ ನನ್ನ ಮೇಜಿನ ಕೆಳಗಿನ ಸಣ್ಣ ಡಬ್ಬಿಯಲ್ಲಿವೆ. ಪ್ರತಿ ಸೋಮವಾರ ಸಾರಜನಕ ಸುರಿಯುತ್ತೇನೆ, ಪ್ರತಿ ಮಂಗಳವಾರ ಮೇಲ್ಮನವಿ ಬರೆಯುತ್ತೇನೆ. ವರದಿ ಯಾಕೆ ಬಂದಿಲ್ಲ ಎಂದು ಎರಡು ಸಲ ಕೇಳಿದ್ದಾರೆ. ಕಾಡುನಾಯಿ, ಲಾರಿ, ಕರೆಂಟ್, ನನ್ನ ಬಿಪಿ ಎಲ್ಲವೂ ಅವತ್ತು ನೆಟ್ಟಗಿದ್ದವು. ತಪ್ಪಿದ್ದು ಒಂದೇ: ಲೀಟರ್ ಕೇಳಿದ ಕಡೆ ನಾನು ನಿಜ ಬರೆದೆ.