ಸ್ಟಾಕ್‌ಹೋಮಿನಲ್ಲಿ ಮೂರು ತುಂಡಾದ ಕಾಕಾ

2023ರ ಜನವರಿ. ಆಗ ನಾನು ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಕಡೆಯ ಆಸ್ಪತ್ರೆ ಮತ್ತು ಕಚೇರಿಗಳಿಗೆ ಕನ್ನಡ ಇಂಟರ್‌ಪ್ರಿಟರ್ ಆಗಿದ್ದೆ. ಇಬ್ಬರ ನಡುವೆ ಕೂತು ಒಬ್ಬರ ಮಾತನ್ನು ಇನ್ನೊಬ್ಬರ ಭಾಷೆಯಲ್ಲಿ ಹೇಳುವ ಕೆಲಸ. ನಮ್ಮದೊಂದು ಮಾತು ಸೇರಿಸುವಂತಿಲ್ಲ, ಅವರದೊಂದು ಮಾತು ಬಿಡುವಂತಿಲ್ಲ. ಹನ್ನೊಂದು ವರ್ಷ ಹೀಗೆ ಜಗಳ, ಸುಳ್ಳು, ಕಣ್ಣೀರುಗಳ ನಡುವೆ ಕೂತು ನನಗೊಂದು ಚಾಳಿ ಅಂಟಿಕೊಂಡಿತ್ತು. ಯಾರು ಬಾಯಿ ತೆರೆದರೂ ನನಗೆ ಮೊದಲು ಅನುಮಾನವೇ. ಮೈಸೂರಿನವಳಾದ್ದರಿಂದ ನನ್ನ ಕನ್ನಡವೇ ಅಸಲಿ ಎಂಬ ಜಂಬವೂ ಜೊತೆಗಿತ್ತು.

ಆ ಕೇಸು ಲಾಸ್ ಏಂಜಲೀಸ್ ಪಕ್ಕದ ಪೊಮೊನಾ ಊರಿನದು. ಹುಬ್ಬಳ್ಳಿಯ ಸವಿತಾ ಅಲ್ಲಿ ಇಂಜಿನಿಯರ್. ಅವಳ ತಂದೆಯ ತಮ್ಮ, ಎಪ್ಪತ್ತಾರು ವರ್ಷದ ಶಿವಪ್ಪ, ಅವಳ ಮನೆಯಲ್ಲೇ ಇದ್ದರು. ಮದುವೆಯಾಗದ ಮನುಷ್ಯ, ಅಣ್ಣ ತೀರಿಕೊಂಡ ಮೇಲೆ ಇವಳನ್ನು ಓದಿಸಿದವರು. ಉತ್ತರ ಕರ್ನಾಟಕದ ಕಡೆ ಚಿಕ್ಕಪ್ಪನನ್ನು ಕಾಕಾ ಅನ್ನುತ್ತಾರಲ್ಲ, ಸವಿತಾಗೆ ಅವರು ಕಾಕಾ. ಡಿಸೆಂಬರ್ ರಜೆಯಲ್ಲಿ ಅವರನ್ನು ಚಳಿಗಾಲದ ಹಬ್ಬ ನೋಡಲು ಸ್ಟಾಕ್‌ಹೋಮಿಗೆ ಕರೆದುಕೊಂಡು ಹೋಗಿದ್ದಳು. ವಾಪಸು ಬಂದ ಮೇಲೆ ನೋವು ತಡೆಯಲಾರದೆ ಆಸ್ಪತ್ರೆಗೆ ಹೋದಾಗ ಸೊಂಟದ ಮೂಳೆಯಲ್ಲಿ ಬಿರುಕು ಕಂಡಿತು. ತೋಳಿನ ಮೇಲೆ ಬೆರಳು ಮೂಡಿದ ಹಾಗೆ ನೀಲಿ ಗುರುತುಗಳೂ ಇದ್ದವು.

ವಯಸ್ಸಾದವರ ಮೈಮೇಲೆ ಇಂಥ ಗುರುತು ಕಂಡರೆ ಆಸ್ಪತ್ರೆಯವರು ವರದಿ ಮಾಡಲೇಬೇಕು. ವಿಚಾರಣೆಗೆ ಡಯಾನಾ ಎಂಬ ಸೋಶಿಯಲ್ ವರ್ಕರ್ ಬಂದರು. ಆ ಮನೆ ಅಪಾಯವೆಂದು ಅವರು ಬರೆದರೆ ವಿಷಯ ಪೊಲೀಸರಿಗೆ, ಕೋರ್ಟಿಗೆ ಹೋಗುತ್ತಿತ್ತು. ‘ಥ್ಯಾಂಕ್ಯೂ’ ಬಿಟ್ಟರೆ ಇಂಗ್ಲಿಷ್ ಬಾರದ ಆ ಮನುಷ್ಯ ಯಾವುದೋ ಕೇರ್ ಹೋಮಿನಲ್ಲಿ ದಿನ ಕಳೆಯಬೇಕಾಗುತ್ತಿತ್ತು.

ಪ್ರವಾಸದಲ್ಲಿ ಏನಾಯಿತೆಂದು ತೋರಿಸಲು ಸವಿತಾ ತಾನಾಗಿಯೇ ಊರಿನಲ್ಲಿದ್ದ ತಾಯಿಯೊಂದಿಗಿನ ಚಾಟ್ ಕೊಟ್ಟಿದ್ದಳು. ಫೋಟೋಗಳೆಲ್ಲ ಬಿಟ್ಟುಹೋದ, ಬರೀ ಸಾಲುಗಳ ಪ್ರಿಂಟ್ ನನ್ನ ಕೈಗೆ ಅನುವಾದಕ್ಕೆ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹುಬ್ಬಳ್ಳಿ ಕನ್ನಡ. ಎರಡನೇ ಪುಟದಲ್ಲಿ ಸವಿತಾ ಬರೆದ ಈ ಸಾಲುಗಳಿದ್ದವು.

“ನಡುವಿಗೆ ಸರಿಯಾಗಿ ಬಡದೆ. ಒಂದೇ ಏಟಿಗೆ ಕಾಕಾ ಮೂರು ತುಂಡಾತು. ಯಾರ ಮುಂದೂ ಹೇಳಬ್ಯಾಡ.”

ಅದಕ್ಕೆ ತಾಯಿಯ ಉತ್ತರ: “ಭಾಳ ಚಲೋ ಆತು.”

ನಡು ಎಂದರೆ ಸೊಂಟ. ಬಿರುಕು ಬಿಟ್ಟಿದ್ದೂ ಸೊಂಟವೇ; ಮೂರು ತುಂಡು ಎಂದರೆ ಮೂಳೆ ಮುರಿದದ್ದು ಎಂದುಕೊಂಡೆ. ಅಮ್ಮ ಮಗಳು ಇಬ್ಬರೂ ಸೇರಿಕೊಂಡಿದ್ದಾರಲ್ಲ ಎಂದು ಮೈ ಉರಿಯಿತು. ‘ತುಂಡಾದರು’ ಎನ್ನದೆ ‘ತುಂಡಾತು’ ಎಂದಿದ್ದು ಕಣ್ಣಿಗೆ ಬೀಳದೆ ಇರಲಿಲ್ಲ. ಆ ಕಡೆಯವರ ಮಾತೇ ಒರಟು, ಮನುಷ್ಯರಿಗೂ ‘ಆತು, ಹೋತು’ ಅಂತಾರೆ ಎಂದುಕೊಂಡು ಮುಂದೆ ಹೋದೆ. ಅನುವಾದದಲ್ಲಿ ಅಂಕಲ್‌ಗೆ ಸೊಂಟದ ಮೇಲೆ ಹೊಡೆದೆ ಎಂದೇ ಬರೆದು ಕಳಿಸಿದೆ.

ಎರಡು ದಿನದ ನಂತರ, ಬೆಳಗ್ಗೆ ಹತ್ತು ಗಂಟೆಗೆ ಡಯಾನಾ ಜೊತೆ ಆ ಮನೆಗೆ ಹೋದೆ. ಕಿಟಕಿಯಲ್ಲಿ ಸ್ವೀಡನ್ನಿನಿಂದ ತಂದ ಕಾಗದದ ನಕ್ಷತ್ರ ತೂಗುತ್ತಿತ್ತು. ಸವಿತಾ ನನ್ನನ್ನು ನೋಡಿ ನಕ್ಕಳು. ಎಂಥ ನಾಟಕ ಮಾಡ್ತಾಳಪ್ಪ ಅನ್ನಿಸಿತು. ಡಯಾನಾ ಅವಳನ್ನು ಅಡುಗೆಮನೆಯಲ್ಲಿ ಇರಲು ಹೇಳಿ ಶಿವಪ್ಪನವರ ಎದುರು ಕೂತರು.

ಶಿವಪ್ಪ ಪ್ರವಾಸದ ಕಥೆ ಹೇಳಿದ್ದೇ ಹೇಳಿದ್ದು. ಮಧ್ಯಾಹ್ನ ಮೂರಕ್ಕೆ ಮೊದಲೇ ಸೂರ್ಯ ಮುಳುಗುತ್ತಿದ್ದನಂತೆ, ಅದಕ್ಕೇ ಪ್ರತಿ ಕಿಟಕಿಯಲ್ಲೂ ದೀಪವಂತೆ. ಲೂಸಿಯಾ ಹಬ್ಬದ ದಿನ ಬಿಳಿ ಅಂಗಿ ತೊಟ್ಟ ಹುಡುಗಿಯರು ಹಾಡುತ್ತ ಬಂದರಂತೆ, ಮುಂದಿದ್ದವಳ ತಲೆಯ ಮೇಲೆ ಉರಿಯುವ ಮೇಣದಬತ್ತಿಗಳ ಕಿರೀಟವಂತೆ. ಹಳೇ ಪೇಟೆಯ ಕ್ರಿಸ್‌ಮಸ್ ಸಂತೆಯಲ್ಲಿ ಕೇಸರಿ ಬನ್ನು ತಿಂದು ಹೊರಟಾಗ ಮಂಜುಗಡ್ಡೆಯ ಮೇಲೆ ಕಾಲು ಜಾರಿತು, ಸವಿತಾ ತೋಳು ಗಟ್ಟಿಯಾಗಿ ಹಿಡಿದಳು, ಇಲ್ಲದಿದ್ದರೆ ತಲೆಯೇ ಒಡೆಯುತ್ತಿತ್ತು ಎಂದರು. ಹುಡುಗಿಯ ರಜೆ ಹಾಳಾಗದಿರಲೆಂದು ನೋವನ್ನು ಬಾಯಿ ಬಿಡಲಿಲ್ಲವಂತೆ. ನಾನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ, ಒಂದಕ್ಷರವನ್ನೂ ನಂಬುತ್ತಿರಲಿಲ್ಲ. ಯಾರೋ ಕೂರಿಸಿ ಬಾಯಿಪಾಠ ಮಾಡಿಸಿದ ಹಾಗಿತ್ತು.

ಯಾರಿಗೂ ಹೇಳಬಾರದೆಂದು ಸವಿತಾ ಏನನ್ನಾದರೂ ಹೇಳಿದ್ದಾಳೆಯೇ ಎಂದು ಡಯಾನಾ ಕೇಳಿದರು. ಶಿವಪ್ಪ ಅಡುಗೆಮನೆ ಕಡೆ ನೋಡಿದರು.

“ಹೂಂರೀ, ಒಂದು ಐತಿ. ಅದನ್ನ ಹೇಳಂಗಿಲ್ಲ.”

ಡಯಾನಾ ಪೆನ್ನು ಕೆಳಗಿಟ್ಟರು. ಕಾಗದ ತೆಗೆದು ಆ ಮೂರು ಸಾಲಿನ ನನ್ನ ಅನುವಾದವನ್ನು ಓದಿ, ಇದೇನೆಂದು ಕೇಳಲು ಹೇಳಿದರು. ನಾನು ಮುದುಕರ ಮುಖ ನೋಡಲಾರದೆ ಮೆಲ್ಲಗೆ, “ಕಾಕಾ ಮೂರು ತುಂಡಾದರು ಅಂತ ಬರೆದಿದ್ದಾರೆ” ಅಂದೆ.

ಅವರು ನನ್ನನ್ನೇ ದಿಟ್ಟಿಸಿದರು.

“ಅಕ್ಕಾರ, ‘ಆದರು’ ಅಂತ ಬರದಾಳೇನ್ರಿ? ಸರಿಯಾಗಿ ನೋಡ್ರಿ. ನನಗ ಆಕಿ ‘ಆದ್ರು’ ಅಂತಾಳ. ಬಿಸ್ಕಿಟ್ಟಿಗೆ ‘ಆತು’ ಅಂತಾಳ.”

ನನ್ನ ಹತ್ತಿರವಿದ್ದ ಚಾಟ್‌ನ ಪ್ರಿಂಟ್ ನೋಡಿದೆ. ‘ಆತು’ ಎಂದೇ ಇತ್ತು. ‘ಆದರು’ ನಾನು ಹಾಕಿದ್ದು.

ಸ್ವೀಡನ್ನಿನಲ್ಲಿ ಶುಂಠಿ ಬಿಸ್ಕಿಟ್ಟಿಗೆ ಪೆಪ್ಪರ್‌ಕಾಕಾ ಅನ್ನುತ್ತಾರೆ ಎಂದು ಅವರೇ ಬಿಡಿಸಿ ಹೇಳಿದರು. ಸಂತೆಯಲ್ಲಿ ಎಲ್ಲರೂ ಕಾಕಾ, ಕಾಕಾ ಅನ್ನುವಾಗ ಶಿವಪ್ಪ ತನ್ನನ್ನೇ ಕರೆದರೆಂದು ಎರಡು ಸಲ ತಿರುಗಿ ನೋಡಿದ್ದರಂತೆ. ಅಲ್ಲಿನ ಪದ್ಧತಿಯಂತೆ ಬಿಸ್ಕಿಟ್ಟನ್ನು ಅಂಗೈ ಮೇಲಿಟ್ಟು, ಮನಸ್ಸಿನಲ್ಲೊಂದು ಆಸೆ ನೆನೆದು, ಬೆರಳ ಗೆಣ್ಣಿನಿಂದ ಅದರ ನಟ್ಟನಡುವೆ ಬಡಿಯಬೇಕು. ಮೂರು ತುಂಡಾದರೆ ಆಸೆ ಈಡೇರುತ್ತದೆ. ಏನು ನೆನೆದೆ ಎಂದು ಹೇಳಿಬಿಟ್ಟರೆ ಫಲವಿಲ್ಲ. ಆದರೂ ತಡೆಯಲಾರದೆ ಸವಿತಾ ತನ್ನ ಆಸೆಯನ್ನು ತಾಯಿಗೂ ಕಾಕಾನಿಗೂ ಮಾತ್ರ ಹೇಳಿ ಬಾಯಿ ಮುಚ್ಚಿಸಿದ್ದಳು.

ನಮ್ಮ ವೃತ್ತಿಯಲ್ಲಿ ತಪ್ಪಾದರೆ ‘ಇಂಟರ್‌ಪ್ರಿಟರ್ ತಪ್ಪು ಮಾಡಿದ್ದಾಳೆ’ ಎಂದು ಬೇರೆ ಯಾರದೋ ವಿಷಯದಂತೆ ಹೇಳುವುದು ನಿಯಮ. ಅಂದು ನಾನು ಡಯಾನಾಗೆ “ನಾನು ತಪ್ಪು ಮಾಡಿದೆ” ಅಂದೆ. ಸವಿತಾ ಫೋನು ತಂದು ಫೋಟೋ ತೋರಿಸಿದಳು. ಅವಳ ಅಂಗೈಯಲ್ಲಿ ಮೂರು ಚೂರು, ಹಿಂದೆ ಉಣ್ಣೆಯ ಟೋಪಿ ಹಾಕಿಕೊಂಡು ನಗುತ್ತ ನಿಂತ ಶಿವಪ್ಪ. ನಾನು ತಿದ್ದಿದ ಅನುವಾದವನ್ನೂ ತಪ್ಪೊಪ್ಪಿಗೆಯ ಪತ್ರವನ್ನೂ ಕಳಿಸಿದೆ. ಎರಡು ವಾರದಲ್ಲಿ ಫೈಲು ಮುಚ್ಚಿತು. ಶಿವಪ್ಪ ಸವಿತಾಳ ಮನೆಯಲ್ಲೇ ಉಳಿದರು.

ಆ ದಿನ ಹೊರಡುವಾಗ ಸವಿತಾ ಬಾಗಿಲ ತನಕ ಬಂದಳು. ಬೈದಿದ್ದರೆ ಎಷ್ಟೋ ಮೇಲಿತ್ತು.

“ಕನ್ನಡದವ್ರು ಬರ್ತಾರ ಅಂದಾಗ ನನಗ ಧೈರ್ಯ ಬಂದಿತ್ತು ಮೇಡಂ. ಆ ಮುಂಜಾನೆ ಕಾಕಾಗ ನಾನಽ ಹೇಳಿದ್ದೆ, ಹೆದರಬ್ಯಾಡ, ನಮ್ಮವ್ರು ಒಬ್ರು ಬರಾಕತ್ತಾರ ಅಂತ.”

ಆಮೇಲೆ ಎರಡು ವರ್ಷ ಕೆಲಸ ಮಾಡಿ ನಿವೃತ್ತಳಾದೆ. ಆ ಎರಡು ವರ್ಷವೂ ಕಿವಿಗೆ ಒರಟೆನಿಸಿದ ಮಾತು ಬಂದಾಗಲೆಲ್ಲ ನಿಲ್ಲಿಸಿ, ‘ಹಾಗಂದರೆ ಏನು, ನನಗೆ ಗೊತ್ತಿಲ್ಲ’ ಎಂದು ಕೇಳಿದೆ. ಇಂಗ್ಲಿಷ್ ಬರದವರ ಪಕ್ಕ ನಾನು ಕೂತ ಮಾತ್ರಕ್ಕೆ ಅವರಿಗೆ ಆಸರೆ ಸಿಗುತ್ತಿರಲಿಲ್ಲ. ನಾನು ಅವರ ಕನ್ನಡವನ್ನು ನಂಬಬೇಕಿತ್ತು.